ಲಿಂಗಂಪಲ್ಲಿಗೆ ಹೋಗಿ ಹೇಳಿದ ಮಾತು

ಕೋವಿಡ್ ಕಳೆದ ಮೇಲಿನ ಎರಡನೇ ವರ್ಷ, ಜುಲೈ ತಿಂಗಳು. ಹೈದರಾಬಾದಿನ ಇಂಗ್ಲಿಷ್ ಪತ್ರಿಕೆಯೊಂದರ ಸುದ್ದಿಮನೆಯಿಂದ ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಮಲ್ಕಾಜ್‌ಗಿರಿಯಲ್ಲಿ ನಮ್ಮದು ಲಿಫ್ಟ್ ಇಲ್ಲದ ಹಳೆಯ ಅಪಾರ್ಟ್‌ಮೆಂಟ್. ಮೂರನೇ ಮಹಡಿಯಲ್ಲಿ ನಮ್ಮ ಎದುರು ಮನೆಯವರು ಬಾಗಲಕೋಟೆ ಕಡೆಯ ಮಲ್ಲಪ್ಪ, ಅವರ ಹೆಂಡತಿ ಸಾವಿತ್ರಿ, ಮಗಳು ರೇಣುಕಾ. ಮಲ್ಲಪ್ಪ ಸೈನ್ಯದಲ್ಲಿದ್ದವರು. ನೌಕರಿಯಲ್ಲಿದ್ದಾಗ ಟ್ರಕ್ಕು ಉರುಳಿ ಪೆಟ್ಟಾಗಿ ಅಂಗವೈಕಲ್ಯ ಪಿಂಚಣಿ ಪಡೆಯುತ್ತಿದ್ದರು. ಪೆಟ್ಟಾದದ್ದು ಮೊಣಕಾಲಿಗೆ, ತಾನು ಪೂರ್ತಿ ಸರ್ವೀಸ್ ಮುಗಿಸಿಯೇ ಬಂದವನು ಎಂದು ಎಲ್ಲರಿಗೂ ಹೇಳುತ್ತಿದ್ದರು.

ನಾನು ಅದನ್ನು ನಂಬಿರಲಿಲ್ಲ. ಒಮ್ಮೆ ಬೆಳಗ್ಗೆ ಹಾಲು ತರಲು ಹೊರಟಾಗ ಅವರು ಮೆಟ್ಟಿಲ ತಿರುವಿನಲ್ಲಿ ಬಿದ್ದಿದ್ದನ್ನು ಕಂಡಿದ್ದೆ. ಹಲ್ಲು ಕಚ್ಚಿಕೊಂಡಿದ್ದವು, ಒಂದು ಕೈ ಅದುರುತ್ತಿತ್ತು, ಬಾಯಂಚಿನಲ್ಲಿ ನೊರೆ ಇತ್ತು. ಓಡಿ ಬಂದ ಸಾವಿತ್ರಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಬಿ.ಪಿ. ಐತ್ರಿ ಅಕ್ಕಾರ, ಬ್ಯಾರೆ ಏನಿಲ್ಲ" ಅಂದಿದ್ದಳು. ನಾನು ಮುಂದೆ ಕೇಳಲಿಲ್ಲ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಫಿಟ್ಸ್ ಎಂಬ ಮಾತನ್ನು ಯಾಕೆ ಆಡುವುದಿಲ್ಲ ಎಂದು ನನಗೂ ಗೊತ್ತಿತ್ತು.

ಆ ವರ್ಷ ಮಲ್ಲಪ್ಪನವರ ಪಿಂಚಣಿ ಪರಿಷ್ಕರಣೆಯಾಗಿ, ಹಿಂದಿನ ಹಲವು ವರ್ಷಗಳ ಬಾಕಿ ಒಟ್ಟಿಗೆ ಬಂದಿತ್ತು. ಬಂದ ಕೂಡಲೇ ಅವರು ಪಕ್ಕದ ಬೀದಿಯಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆಯೊಂದಕ್ಕೆ ಮುಂಗಡ ಕೊಟ್ಟರು. ಉಳಿದದ್ದನ್ನು ಆಗಸ್ಟ್‌ನಲ್ಲಿ ಕೊಡಬೇಕು, ತಪ್ಪಿದರೆ ಮುಂಗಡ ಹೋಯಿತು. ಇನ್ನು ಮೆಟ್ಟಿಲು ಹತ್ತುವುದು ತಪ್ಪಿತು ಎಂದು ಸಾವಿತ್ರಿ ನಮಗೆಲ್ಲ ಸಕ್ಕರೆ ಹಂಚಿದ್ದಳು.

ಇಷ್ಟಾದ ಮೇಲೆ ಯಾರೋ ಈ ಬಾಕಿಗೆ ತೆರಿಗೆ ಬೀಳುತ್ತದೆ ಅಂದರು. ಲೆಕ್ಕ ಸಲ್ಲಿಸುವ ಗಡುವು ಹತ್ತಿರದಲ್ಲಿತ್ತು. ಮಲ್ಲಪ್ಪ ನನ್ನನ್ನೂ ಕರೆದುಕೊಂಡು ಚನ್ನವೀರಪ್ಪನವರ ಹತ್ತಿರ ಹೋದರು. ಕಲಬುರಗಿ ಮೂಲದ ಚನ್ನವೀರಪ್ಪ ಊರಿನ ಕನ್ನಡದವರಿಗೆಲ್ಲ ಆಡಿಟರ್. ತೆಲುಗರ ಮುಂದೆ ನಮ್ಮ ಲೆಕ್ಕ ಯಾಕೆ ಬಿಚ್ಚಬೇಕು ಎಂದು ಎಲ್ಲರೂ ಹೋಗುತ್ತಿದ್ದುದು ಅವರಲ್ಲಿಗೇ. ಹಾಗಾಗಿ ಯಾರ ಮನೆಯಲ್ಲಿ ಹುಡುಗ, ಯಾರ ಮನೆಯಲ್ಲಿ ಹುಡುಗಿ ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ರಕ್ಷಣಾ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ಸಂಬಂಧವನ್ನು ರೇಣುಕಾಗೆ ತಂದವರೂ ಅವರೇ.

ಅವರು ಬ್ಯಾಂಕಿನ ಕಾಗದ ನೋಡಿ, ಕನ್ನಡಕ ಹಣೆಗೇರಿಸಿ, ಒಂದೇ ಪ್ರಶ್ನೆ ಕೇಳಿದರು. "ಸರ್ವೀಸ್ ಪೂರ್ತಿ ಮಾಡಿ ಬಂದ್ರೋ, ಬೋರ್ಡ್ ಮಾಡಿ ಕಳಿಸಿದ್ರೋ?"

ಬೋರ್ಡ್ ಮಾಡುವುದೆಂದರೆ, ವೈದ್ಯರ ಮಂಡಳಿ ಈತ ಇನ್ನು ನೌಕರಿಗೆ ಆಗುವುದಿಲ್ಲ ಎಂದು ಅವಧಿಗೆ ಮೊದಲೇ ಮನೆಗೆ ಕಳಿಸುವುದು. ನೌಕರಿಯಿಂದಾದ ವೈಕಲ್ಯಕ್ಕಾಗಿ ಹಾಗೆ ಕಳಿಸಿದ್ದರೆ ಪಿಂಚಣಿಗೂ ತೆರಿಗೆ ಇಲ್ಲ, ಅದರ ಬಾಕಿಗೂ ಇಲ್ಲ. ಅವಧಿ ಮುಗಿಸಿ ನಿವೃತ್ತರಾಗಿದ್ದರೆ ಆ ವಿನಾಯಿತಿ ಸಿಗುವುದಿಲ್ಲ. ಚನ್ನವೀರಪ್ಪ ಇದನ್ನು ಸ್ಪಷ್ಟವಾಗಿಯೇ ಹೇಳಿ, ಬೋರ್ಡ್ ಆಗಿದ್ದರೆ ಕಾಯಿಲೆ ಏನೆಂದು ಬರೆದ ಮಂಡಳಿಯ ವರದಿ ಬೇಕು ಅಂದರು.

ಮಲ್ಲಪ್ಪ ಮೇಜಿನ ಮೇಲಿದ್ದ ಕಾಗದವನ್ನೇ ನೋಡುತ್ತಾ, "ಪೂರ್ತಿ ಮಾಡೇ ಬಂದೀನ್ರಿ" ಅಂದರು.

ಹಾಗಿದ್ದರೆ ತೆರಿಗೆ ಕಟ್ಟಲೇಬೇಕು, ಬಾಕಿಯನ್ನು ಆಯಾ ವರ್ಷಗಳಿಗೆ ಹಂಚಿ ತೋರಿಸಿದರೆ ಒಂದಿಷ್ಟು ಕಡಿಮೆಯಾದೀತು ಎಂದು ಚನ್ನವೀರಪ್ಪ ಹೇಳಿದರು. ಹಾಗೆ ಕಡಿಮೆಯಾದ ಮೇಲೂ ಉಳಿದ ಹಣದಲ್ಲಿ ಮನೆ ಆಗುವಂತಿರಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ಸುದ್ದಿಮನೆಯಲ್ಲಾಗಿದ್ದರೆ ಅಲ್ಲೇ ತಡೆದು ಕೇಳುತ್ತಿದ್ದೆ. ಚನ್ನವೀರಪ್ಪನವರ ಎದುರು ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದೆ.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಮನೆ ಮಾರುವವನು ದಿನಕ್ಕೊಮ್ಮೆ ಫೋನ್ ಮಾಡಿ, ಬೇರೆ ಗಿರಾಕಿ ಇದ್ದಾನೆ ಎಂದು ಹೇಳುತ್ತಿದ್ದ. ಮಲ್ಲಪ್ಪ ಕೆಳಗಿಳಿಯುವುದನ್ನೇ ಬಿಟ್ಟರು. ಒಂದು ಮಧ್ಯಾಹ್ನ ಎದುರು ಮನೆಯಲ್ಲಿ ದಢಾರನೆ ಸದ್ದಾಗಿ ನಾನು ಓಡಿದೆ. ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಹುಬ್ಬು ಒಡೆದು ರಕ್ತ ಬರುತ್ತಿತ್ತು. ಈ ಸಲ ಸಾವಿತ್ರಿ ಬಿ.ಪಿ. ಅನ್ನಲಿಲ್ಲ. ಟವೆಲನ್ನು ಹುಬ್ಬಿಗೆ ಒತ್ತಿ ಹಿಡಿದಳು.

ಮರುದಿನ ಮಲ್ಲಪ್ಪ ಒಬ್ಬರೇ ಇದ್ದಾಗ ಹೋಗಿ ಕೂತೆ. ಅವರಿಗೇನಾಗಿದೆ ಎಂದು ನಾನು ಕೇಳಲಿಲ್ಲ. ಆಡಿಟರ್ ಎಂದರೆ ಚನ್ನವೀರಪ್ಪ ಒಬ್ಬರೇ ಅಲ್ಲ, ಲಿಂಗಂಪಲ್ಲಿಯಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮಗಳು ಅದೇ ಕೆಲಸ ಮಾಡುತ್ತಾಳೆ, ತೆಲುಗಿನವಳು, ನಮ್ಮ ಪೈಕಿ ಯಾರ ಗುರುತೂ ಅವಳಿಗಿಲ್ಲ ಎಂದಷ್ಟೇ ಹೇಳಿದೆ. ಅವರು ಹುಬ್ಬಿನ ಮೇಲಿನ ಪಟ್ಟಿ ಸರಿಮಾಡಿಕೊಂಡರು. ಆಮೇಲೆ, "ಅಕಿಗೆ ನಮ್ಮ ಮಂದಿ ಯಾರೂ ಗೊತ್ತಿಲ್ಲಂತೀರಲ್ಲ, ಖರೇನ?" ಎಂದು ಕೇಳಿದರು.

ಸಿಕಂದರಾಬಾದಿಗೆ ಹೋಗಿ ಅಲ್ಲಿಂದ ಲೋಕಲ್ ರೈಲು ಹಿಡಿದೆವು. ಸಾವಿತ್ರಿ ಗಂಡನ ತೋಳು ಬಿಡಲೇ ಇಲ್ಲ. ಗಾಡಿ ಕುಲುಕಿದಾಗಲೆಲ್ಲ ನಾನೂ ಅವರ ಕಡೆ ನೋಡುತ್ತಿದ್ದೆ. ರೈಲಿನಲ್ಲೇ ಬಿದ್ದರೆ, ಅಲ್ಲಿ ಹೋದ ಮೇಲೆ ಮತ್ತೆ ಪೂರ್ತಿ ಸರ್ವೀಸ್ ಅಂದುಬಿಟ್ಟರೆ ಎಂಬ ಭಯ ನನಗಿತ್ತು. ಗಡುವಿಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

ಆ ಹುಡುಗಿ ಕಾಗದಗಳನ್ನು ತಿರುವಿ, ಹಿಂದಿಯಲ್ಲಿ ಅದೇ ಪ್ರಶ್ನೆ ಕೇಳಿದಳು. ಮಲ್ಲಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಬೋರ್ಡ್ ಔಟ್ ಕಿಯಾ, ಮೇಡಂ. ಸಿರ್ ಮೇಂ ಚೋಟ್ ಲಗೀ ಥೀ. ಫಿಟ್ಸ್ ಆತೇ ಹೈಂ."

ತಲೆಗೆ ಪೆಟ್ಟಾಗಿತ್ತು, ಫಿಟ್ಸ್ ಬರುತ್ತವೆ, ಅದಕ್ಕೇ ಕಳಿಸಿಬಿಟ್ಟರು. ಇಷ್ಟು ವರ್ಷ ಕನ್ನಡದಲ್ಲಿ ಒಮ್ಮೆಯೂ ಅವರ ಬಾಯಿಂದ ಬಾರದಿದ್ದ ಮಾತು ಅಷ್ಟರಲ್ಲೇ ಮುಗಿಯಿತು. ಸಾವಿತ್ರಿ ಸೆರಗಿನಿಂದ ಮೂಗೊರೆಸಿಕೊಂಡಳು. ಹುಡುಗಿ ತಲೆ ಎತ್ತಲಿಲ್ಲ. ಸೈನ್ಯದಿಂದ ಬಿಡುಗಡೆ ಮಾಡಿದಾಗ ಕೊಟ್ಟ ಪುಸ್ತಕವನ್ನೂ ವೈದ್ಯರ ಮಂಡಳಿಯ ವರದಿಯನ್ನೂ ತನಗೆ ಕಳಿಸಿಕೊಡಬೇಕು, ಈ ಹಣಕ್ಕೆ ತೆರಿಗೆ ಬರುವುದಿಲ್ಲ ಎಂದು ಹೇಳಿ, ಮುಂದಿನವರನ್ನು ಕರೆದಳು.

ಆಗಸ್ಟ್ ಕೊನೆಯಲ್ಲಿ ಅವರು ಹೊಸ ಮನೆಗೆ ಹೋದರು. ಹಾಲು ಉಕ್ಕಿಸುವ ದಿನ ಚನ್ನವೀರಪ್ಪನವರೂ ಬಂದಿದ್ದರು. ಅವರು ಹೋಳಿಗೆ ಮುರಿಯುತ್ತಾ, ಲೆಕ್ಕ ಬೇರೆ ಕಡೆ ಮಾಡಿಸಿದ್ದಕ್ಕೆ ಒಂದು ಮಾತು ಚುಚ್ಚಿ, ನೆಲಮಹಡಿಗೆ ಸೊಳ್ಳೆ ಜಾಸ್ತಿ, ಮೇಲಿನ ಮನೆಯೇ ತಗೋಬೇಕಿತ್ತು ಅಂದರು. ಬಡಿಸುತ್ತಿದ್ದ ಮಲ್ಲಪ್ಪ ನಿಂತರು.

"ನನಗ ಫಿಟ್ಸ್ ಬರ್ತಾವ್ರಿ ಸಾಹೇಬ್ರ. ಮೆಟ್ಟಿಲು ಆಗಂಗಿಲ್ಲ."

ಸಾವಿತ್ರಿಯ ಕೈಯಲ್ಲಿದ್ದ ತುಪ್ಪದ ಚಮಚ ಅಲ್ಲೇ ನಿಂತಿತು. ಚನ್ನವೀರಪ್ಪ ಬಾಯಲ್ಲಿದ್ದುದನ್ನು ನುಂಗಿ, "ಅಷ್ಟ ಹೇಳಾಕ ಲಿಂಗಂಪಲ್ಲಿತನಕ ಹೋಗಿದ್ರೇನು?" ಅಂದರು. ಯಾರೋ ನಕ್ಕರು. ಮಲ್ಲಪ್ಪ ನಗಲಿಲ್ಲ. ಹುಡುಗನ ಮನೆಯವರಿಗೂ ನೀವೇ ತಿಳಿಸಿ ಎಂದು ಕೇಳಿಕೊಂಡರು.

"ನಾ ಯಾಕ? ನೀವ ಹೇಳ್ರಿ. ಈಗ ನಿಮಗ ರೂಢಿ ಆಗೇತಿ."

ಮಲ್ಲಪ್ಪ ತಾವೇ ಹೋಗಿ ಹೇಳಿದರು. ಆ ಸಂಬಂಧ ಕೂಡಲಿಲ್ಲ. ಹುಡುಗನ ಮನೆಯವರು ಜಾತಕ ಹೊಂದುವುದಿಲ್ಲ ಅಂದರು. ಅದೇ ಕಾರಣವೋ ಅಲ್ಲವೋ ನನಗೆ ತಿಳಿಯದು, ತಿಳಿಯದ್ದನ್ನು ಬರೆಯಲಾರೆ. ರೇಣುಕಾ ಈಗ ಕೂಕಟ್‌ಪಲ್ಲಿಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ಅಪ್ಪನಿಗೆ ಫಿಟ್ಸ್ ಬಂದಾಗ ಏನು ಮಾಡಬೇಕೆಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಟ್ಟಿದ್ದಾಳೆ.

ಕೆಲಸದುದ್ದಕ್ಕೂ ನಾನು ಸರಿಯಾದ ಪ್ರಶ್ನೆ ಕೇಳುವುದನ್ನಷ್ಟೇ ಕಲಿತಿದ್ದೆ. ಕೇಳುವವರು ನಮ್ಮವರೇ ಆಗಿದ್ದರೆ ಉತ್ತರ ಎಷ್ಟು ಕಷ್ಟವಾಗುತ್ತದೆ ಎಂಬುದನ್ನು ಆ ಜುಲೈನಲ್ಲಿ ಕಲಿತೆ. ಲಿಂಗಂಪಲ್ಲಿಗೆ ಕರೆದೊಯ್ದದ್ದು ಸರಿಯೆಂದು ನನಗೆ ಅನುಮಾನವಿಲ್ಲ. ತಪ್ಪಿದ ಸಂಬಂಧದ ಬಗ್ಗೆ ಸಾವಿತ್ರಿ ನನಗೆ ಇವತ್ತಿಗೂ ಒಂದು ಮಾತೂ ಅಂದಿಲ್ಲ. ಆದರೂ ಅವರ ಬಾಗಿಲು ಬಡಿಯುವ ಮೊದಲು ನನ್ನ ಕೈ ಒಂದು ಗಳಿಗೆ ತಡೆಯುತ್ತದೆ.