ಇನ್ನೂ ನುಂಗಿಲ್ಲ ತಾನೆ?

ಬೆಳಕು ಇನ್ನೂ ಕಿಟಕಿಗೆ ಬಂದಿಲ್ಲ. ಕಿಡ್ನಿ ಕಸಿ ವಾರ್ಡಿನ ಉದ್ದನೆಯ ಪಡಸಾಲೆಯಲ್ಲಿ ತಳ್ಳುಗಾಡಿಯ ಚಕ್ರವೊಂದು ಕಿರುಗುಡುತ್ತದೆ. ಅದರ ಹಿಂದೆಯೇ ರಕ್ತ ತೆಗೆಯುವ ಹೆಂಗಸಿನ ದನಿ: "ಯಾರೂ ಇನ್ನೂ ಮಾತ್ರೆ ನುಂಗಿಲ್ಲ ತಾನೆ?"

ವಾರ್ಡಿನವರಿಗೆಲ್ಲ ಅವರು 'ಸೂಜಿ ಅಕ್ಕ'. ಬೆಳಗಿನ ಮಾತ್ರೆಗೆ ಮುಂಚೆ ರಕ್ತ ತೆಗೆದರೆ ಮಾತ್ರ ಹಿಂದಿನ ರಾತ್ರಿಯ ಮದ್ದು ಮೈಯಲ್ಲಿ ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ. ನುಂಗಿಬಿಟ್ಟರೆ ಲೆಕ್ಕವೆಲ್ಲ ತಲೆಕೆಳಗು. ಮೂಲೆಯ ಹಾಸಿಗೆಯ ಮೇಷ್ಟ್ರು ಶಿಸ್ತಿನ ಮನುಷ್ಯ. ಎದ್ದ ಕೂಡಲೇ ನುಂಗಿ, ಶಭಾಷ್‌ಗಿರಿಗೆ ಕಾದು ಕುಳಿತಿದ್ದಾರೆ.

"ನಿಮ್ಮಂಥ ಒಳ್ಳೆ ಹುಡುಗರಿಂದಾನೇ ನನಗೆ ತಲೆನೋವು ಸಾರ್. ನಾಳೆ ಸ್ವಲ್ಪ ಸೋಮಾರಿಯಾಗಿ" ಎನ್ನುತ್ತಾರೆ ಸೂಜಿ ಅಕ್ಕ. ಮೇಷ್ಟ್ರು ಪೆಚ್ಚುನಗೆ ನಗುತ್ತಾರೆ.

ನುಂಗಿದ್ದೋ ಇಲ್ಲವೋ ಎಂಬ ಇದೇ ಪ್ರಶ್ನೆ ಒಂದು ಕಾಲಕ್ಕೆ ಸೂಜಿ ಅಕ್ಕನ ಮನೆಯಲ್ಲಿ ಕಣ್ಣೀರು ಹಾಕಿಸಿತ್ತು. ಅಣ್ಣನ ಎರಡೂ ಕಿಡ್ನಿ ಕೈಕೊಟ್ಟಾಗ ಅಮ್ಮ ತನ್ನದೊಂದನ್ನು ಕೊಟ್ಟಳು. ಹೊಸ ಕಿಡ್ನಿಯನ್ನು ಹೊರಗಿನದೆಂದು ಮೈಯೇ ಹಾಳುಗೆಡವದಂತೆ ತಡೆಯಲು ಟ್ಯಾಕ್ರೋಲಿಮಸ್ ಎಂಬ ಮದ್ದು. ಆಗೆಲ್ಲ ತೂಕ ನೋಡಿ ಡೋಸು ಕೊಡುತ್ತಿದ್ದರು. ಅಣ್ಣನ ರಕ್ತದಲ್ಲಿ ಮಾತ್ರ ಮದ್ದು ನಿಲ್ಲಲೇ ಇಲ್ಲ, ಕಿಡ್ನಿ ಸೊರಗತೊಡಗಿತು. ಇವನು ಕದ್ದುಮುಚ್ಚಿ ಮಾತ್ರೆ ಎಸೆಯುತ್ತಿದ್ದಾನೆ ಎಂದು ಮನೆಮಂದಿಗೆಲ್ಲ ಗುಮಾನಿ.

"ಅಮ್ಮ ದಿನಾ ಎದುರಿಗೆ ಕೂತು ನುಂಗಿಸೋಳು. ಆಮೇಲೆ 'ಆ ಅನ್ನು' ಅಂತ ನಾಲಿಗೆ ಎತ್ತಿಸಿ ನೋಡೋಳು. ಮೀಸೆ ಬಂದ ಮಗ! 'ಹೊಟ್ಟೆ ಕೊಯ್ಸಿಕೊಂಡು ಕೊಟ್ಟಿದೀನಿ ಕಣೋ, ನಿಜ ಹೇಳು' ಅನ್ನೋಳು. ಅವನು ಗೋಡೆ ಕಡೆ ತಿರುಗಿ ಮಲಗಿಬಿಡೋನು" ಎಂದು ನೆನೆಯುತ್ತಾರೆ ಸೂಜಿ ಅಕ್ಕ.

ಕಡೆಗೆ ಡಾಕ್ಟರಮ್ಮ ಜೀನ್ ಪರೀಕ್ಷೆ ಮಾಡಿಸಿದರು. ಈ ಮದ್ದನ್ನು ಒಡೆದುಹಾಕುವ ಕಿಣ್ವವೊಂದು ಕೆಲವರ ಕರುಳು, ಯಕೃತ್ತಿನಲ್ಲಿ ಹುಟ್ಟಿನಿಂದಲೇ ಚುರುಕು, ಕೆಲವರಲ್ಲಿ ಮಂದ. ಅಣ್ಣನದು ಮಹಾ ಚುರುಕು. ನುಂಗಿದ್ದೆಲ್ಲ ಕೆಲಸಕ್ಕೆ ಬರುವ ಮೊದಲೇ ಕರಗಿ ಹೋಗುತ್ತಿತ್ತು. ಅವನಿಗೆ ಉಳಿದವರ ಎರಡರಷ್ಟು ಡೋಸು ಬೇಕಿತ್ತು, ಅಷ್ಟೇ. ಕೊಟ್ಟರು, ಕಿಡ್ನಿ ಚೇತರಿಸಿಕೊಂಡಿತು.

"ವಿಷಯ ಗೊತ್ತಾದ ಮಾರನೇ ದಿನ ಅವನು ನುಂಗಿ, ಅಭ್ಯಾಸಬಲದಿಂದ 'ಆ' ಅಂದ. ಅಮ್ಮ ನೋಡ್ಲಿಲ್ಲ. ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿ, ಸೆರಗು ಮುಖಕ್ಕೆ ಹಿಡ್ಕೊಂಡು ಒಳಗೆ ಹೋಗಿಬಿಟ್ಲು."

ಹೇಳುತ್ತಾ ಸೂಜಿ ಅಕ್ಕನ ಕಣ್ಣೂ ಒದ್ದೆ. ಅದಾದ ಮೇಲೆಯೇ ಅವರು ಈ ಕೆಲಸ ಕಲಿತದ್ದು. ಆ ಅಡುಗೆಮನೆ, ಆ ಬೆಳಗು, ಸಕ್ಕರೆ ಡಬ್ಬಿಯ ಸದ್ದು ಇನ್ನೊಮ್ಮೆ ಸಿಕ್ಕರೆ ಸಾಕೆಂದು ಈಗಲೂ ಜೀವ ಹಂಬಲಿಸುತ್ತದಂತೆ.

ಇವತ್ತು ಹೊರಗಿನ ಬೆಂಚಿನಲ್ಲಿ ತಪಾಸಣೆಗೆ ಬಂದ ಅಣ್ಣನೇ ಕುಳಿತಿದ್ದಾನೆ. "ನುಂಗಿಲ್ಲ ತಾನೆ?" ಎಂದರೆ ಆ ನರೆಗಡ್ಡದ ಆಸಾಮಿ ಬಾಯಿ ಅಗಲಿಸಿ "ಆ" ಎನ್ನುತ್ತಾನೆ. ತಂಗಿ ತಲೆಗೊಂದು ಮೊಟಕಿ ತೋಳು ಹಿಡಿಯುತ್ತಾರೆ.

ಅವರ ಆಸೆ ಸಣ್ಣದು. "ಯಾರದಾದ್ರೂ ರಕ್ತದಲ್ಲಿ ಮದ್ದು ಕಮ್ಮಿ ಬಂದ್ರೆ, ಮೊದಲೇ ಸುಳ್ಳುಗಾರ ಅನ್ಬಾರ್ದು."

ಅಣ್ಣನ ರಕ್ತ ತುಂಬಿದ ಕೊಳವೆಯನ್ನು ಅಂಗೈಯಲ್ಲಿ ಮೆಲ್ಲಗೆ ಹೊರಳಿಸುತ್ತಾರೆ. ಅದಿನ್ನೂ ಬೆಚ್ಚಗಿದೆ.

"ಅಮ್ಮ ಹೋಗಿ ಎಷ್ಟೋ ಕಾಲ ಆಯ್ತು. ಅವಳ ಕಿಡ್ನಿ ಮಾತ್ರ ಇನ್ನೂ ಒಂದು ದಿನಾನೂ ರಜೆ ಹಾಕಿಲ್ಲ ನೋಡಿ."