ಮುಚ್ಚಳದ ಮೇಲಿನ ಮೇಜು

ಅದು ಆಲೂಗಡ್ಡೆಯನ್ನು ನೆಲಮಾಳಿಗೆಗೆ ಇಳಿಸುವ ದಿನ. ಬಲ್ಜಾನ್ ತಲೆಗೆ ಬಟ್ಟೆ ಬಿಗಿದು, ಗಂಡ ಸಗಿಂದಿಕ್‌ನ ಹಿಂದೆ ಗ್ಯಾರೇಜಿಗೆ ಹೊರಟಳು. ಮೂಟೆ ಅವನ ಬೆನ್ನ ಮೇಲೆ, ಮಾತು ಅವಳ ಬಾಯಲ್ಲಿ.

ಕರಗಂದಾ ನಗರದ ಕಲ್ಲಿದ್ದಲು ಗಣಿ ಬಡಾವಣೆಯಲ್ಲಿ ಗ್ಯಾರೇಜು ಇಲ್ಲದ ಮನೆ ಕಡಿಮೆ, ಗ್ಯಾರೇಜಿನಲ್ಲಿ ಕಾರು ಇರುವ ಮನೆ ಇನ್ನೂ ಕಡಿಮೆ. ನೆಲದ ಮೇಲಿನ ಭಾಗ ಗಂಡಸಿನದು: ಮೊಳೆ, ತಂತಿ, ಹಳೇ ಟೈರು, ಹೆಂಡತಿಯಿಂದ ದೂರ ಕೂರಲು ಒಂದು ಸ್ಟೂಲು. ನೆಲದ ಕೆಳಗಿನ ಮಾಳಿಗೆ ಹೆಂಗಸಿನದು: ಆಲೂಗಡ್ಡೆ, ಕ್ಯಾರೆಟ್ಟು, ಉಪ್ಪುನೀರಿನ ಸೌತೆಕಾಯಿ ಜಾಡಿಗಳು. ಮೂಟೆಯನ್ನು ಮಾಳಿಗೆಯ ಬಾಯಿಗೆ ನೆಲದಲ್ಲಿ ಕೂರಿಸಿದ ಮುಚ್ಚಳದವರೆಗೆ ಹೊತ್ತು ತಂದರೆ ಗಂಡಸಿನ ಕೆಲಸ ಮುಗಿಯಿತು. ಕೆಳಗೆ ಏನಿದೆ ಎಂದು ಅವನು ಇಣುಕಿಯೂ ನೋಡುವುದಿಲ್ಲ.

ಸಗಿಂದಿಕ್ ಗಣಿಯಲ್ಲಿ ಸುರಂಗದ ಚಾವಣಿಗೆ ಕಂಬ ಕೊಡುವ ಕೆಲಸದವನು. ನೆಲದ ಕೆಳಗೆ ಅವನು ನಿಲ್ಲಿಸಿದ ಯಾವ ಕಂಬವೂ ಬೀಳಲಿಲ್ಲ. ನೆಲದ ಮೇಲೆ ಅವನು ಹಿಡಿದ ಯಾವ ಕೆಲಸವೂ ಮುಗಿಯಲಿಲ್ಲ. ಅರ್ಧಕ್ಕೆ ಬಿಡುತ್ತಿದ್ದ ಎಂದರೆ ಸುಳ್ಳಾಗುತ್ತದೆ. ಮುಕ್ಕಾಲು ಮುಗಿಸಿಯೇ ಬಿಡುತ್ತಿದ್ದ. ಅಡುಗೆಮನೆಯ ಕಪಾಟಿಗೆ ಮೂರು ಬಾಗಿಲು, ನಾಲ್ಕನೆಯದಕ್ಕೆ ಪರದೆ. ಬಚ್ಚಲ ಗೋಡೆಗೆ ಕೈ ಎಟುಕುವಷ್ಟು ಎತ್ತರ ಬಣ್ಣ. ಕೇಳಿದರೆ ಒಂದೇ ಉತ್ತರ: ಸರಿಯಾದ ಮೇಜಿಲ್ಲ. ಅಲ್ಲಾಡದ ಕೆಲಸದ ಮೇಜೊಂದಿದ್ದರೆ ಎಲ್ಲ ಎಂದೋ ಮುಗಿಯುತ್ತಿತ್ತು. ಹಾಗಾದರೆ ಮೇಜು ಮಾಡಿಕೊ ಎಂದರೆ, ಮೇಜು ಮಾಡಲಿಕ್ಕೂ ಒಂದು ಮೇಜು ಬೇಕಲ್ಲ ಎನ್ನುತ್ತಿದ್ದ.

ಪಿಂಚಣಿ ಬಂದ ಮೇಲೆ ಆ ಬೇಸಿಗೆಯಲ್ಲಿ ಹಟ ಹಿಡಿದು ಕೂತ. ಬಲ್ಜಾನ್ ಆಗ ಊರಾಚೆಯ ತುಂಡು ನೆಲದಲ್ಲಿ ಆಲೂಗಡ್ಡೆಗೆ ಮಣ್ಣು ಏರಿಸುತ್ತಿದ್ದಳು. ಗಣಿಯ ಗುಜರಿಯಿಂದ ಕಬ್ಬಿಣದ ಚಾನೆಲ್ಲು ತೊಲೆ ತಂದು ಮೇಜಿಗೆ ಕಾಲು ಮಾಡಿದ. ಕೆಡವಿದ ಶಾಲೆಯೊಂದರ ಆಟದ ಕೋಣೆಯ ಹಲಗೆ ತಂದು ಮೇಲೆ ಹಾಸಿದ. ಅದರ ಮೇಲೆ ಚೆಂಡಾಟದ ಬಿಳಿ ಗೆರೆ ಇನ್ನೂ ಇತ್ತು. ಅಲ್ಲಾಡಬಾರದೆಂದು ಕಾಲುಗಳನ್ನು ಮೊಣಕಾಲುದ್ದ ಹೂತು ಕಾಂಕ್ರೀಟು ಸುರಿದ. ಕೆಳಗೆ ಸುತ್ತಲೂ ಅಡ್ಡಪಟ್ಟಿ ಬೆಸೆದ. ಪಕ್ಕದ ಗ್ಯಾರೇಜಿನ ಜರ್ಮನ್ ಮುದುಕ ಯಾಕೋಬ್ ಬೇಸಿಗೆಯುದ್ದಕ್ಕೂ ಸ್ಟೂಲಿನ ಮೇಲೆ ಕೂತು ಸಲಹೆ ಕೊಟ್ಟ, ಸಗಿಂದಿಕ್ ಅದನ್ನು ಕೇಳಲಿಲ್ಲ. ಇಬ್ಬರಿಗೂ ತೃಪ್ತಿಯಾಯಿತು.

“ನೋಡು ಮುದುಕಿ,” ಎಂದ ಸಗಿಂದಿಕ್, ಮೂಟೆ ಇಳಿಸಿ. “ಗುದ್ದಿ ನೋಡು.”

ಅವಳು ಗುದ್ದಿದಳು. ಕೈ ನೋವಾಯಿತು. ಮೇಜು ಮಿಸುಕಲಿಲ್ಲ. ಗಂಡ ಪೂರ್ತಿ ಮುಗಿಸಿದ ಕೆಲಸವನ್ನು ಅವಳು ನೋಡಿದ್ದು ಅದೇ ಮೊದಲು.

“ಚೆನ್ನಾಗಿದೆ. ಮುಚ್ಚಳ ಎಲ್ಲಿ?”

“ಯಾವ ಮುಚ್ಚಳ?”

“ಮಾಳಿಗೇದು.”

ಅವನು ಸುತ್ತ ನೋಡಿದ, ಯಾರೋ ಕದ್ದುಕೊಂಡು ಹೋಗಿರಬಹುದು ಎಂಬಂತೆ. ಆಮೇಲೆ ಬಗ್ಗಿ ಮೇಜಿನ ಕೆಳಗೆ ನೋಡಿದ.

ಜೂನಿನಲ್ಲಿ ಬಲ್ಜಾನ್ ಮಾಳಿಗೆ ಒಣಗಿಸಿ, ಮುಚ್ಚಳ ಹಾಕಿ, ಧೂಳು ಇಳಿಯದಿರಲೆಂದು ಹಳೇ ಉಣ್ಣೆ ಜಮಖಾನ ಹಾಸಿದ್ದಳು. ಜಮಖಾನ ಎಷ್ಟು ನೇರವಾಗಿ ಬಿದ್ದಿತ್ತೆಂದರೆ, ಬೇರೆ ಅಳತೆ ಯಾಕೆಂದು ಅವನು ಅದರ ಒಂದೊಂದು ಮೂಲೆಗೆ ಒಂದೊಂದು ಕಾಲು ಹೂತಿದ್ದ. ಈಗ ಜಮಖಾನ ಎಳೆದು ಮುಚ್ಚಳ ಎತ್ತಿದರೆ, ಅದು ಒಂದೂವರೆ ಗೇಣು ಮೇಲೆದ್ದು ಅಡ್ಡಪಟ್ಟಿಗೆ ಬಡಿದು ನಿಂತಿತು. ಒಳಗಿಂದ ತಣ್ಣನೆಯ ಗಾಳಿ ಬಂತು.

ಬಾಗಿಲಲ್ಲಿ ನಿಂತಿದ್ದ ಯಾಕೋಬ್ ಗಂಟಲು ಸರಿಮಾಡಿಕೊಂಡ. “ಬೆಕ್ಕಿಗೆ ಸಾಕು.”

“ನೀನು ಬೇಸಿಗೆಯೆಲ್ಲಾ ಇಲ್ಲೇ ಕೂತಿದ್ಯಲ್ಲ ಮಾರಾಯ,” ಎಂದ ಸಗಿಂದಿಕ್.

“ಮಾಳಿಗೆ ನಮ್ಮವಳ ವಿಚಾರ. ನಮ್ಮನೇಲೂ ಅದೆಲ್ಲಿದೆ ಅಂತ ನಂಗೊತ್ತಿಲ್ಲ.”

“ನಾಳೆ ಅಡ್ಡಪಟ್ಟಿ ಕತ್ತರಿಸ್ತೀನಿ,” ಎಂದ ಸಗಿಂದಿಕ್ ಹೆಂಡತಿಗೆ. “ಬ್ಲೇಡು ಸವೆದಿದೆ. ಬೆಳಿಗ್ಗೆ ಹೋಗಿ ತರ್ತೀನಿ.”

ಮೂಟೆಯನ್ನು ಮತ್ತೆ ಮನೆಗೆ ಹೊತ್ತುಕೊಂಡು ಹೋದರು. ರಾತ್ರಿ ಅವನು ಎರಡು ತಟ್ಟೆ ತಿಂದ. ಅಲ್ಲಾಡದ ಮೇಜಿನ ಮೇಲೆ ಮೊದಲು ಕಪಾಟಿನ ನಾಲ್ಕನೇ ಬಾಗಿಲು ಮಾಡುವುದೆಂದು ಹೇಳಿದ. ಬೆಳಿಗ್ಗೆ ಬ್ಲೇಡು ತರಲು ಹೊರಟವನು ಬಸ್ ನಿಲ್ದಾಣದಲ್ಲಿ ಕೂತ. ಬಸ್ಸು ಬಂತು, ಹೋಯಿತು. ಅವನು ಕೂತೇ ಇದ್ದ. ಹೃದಯ ನಿಂತಿತ್ತು ಎಂದರು ವೈದ್ಯರು.

ಮಣ್ಣಾಯಿತು. ಏಳನೇ ದಿನದ ಊಟವೂ ಆಯಿತು. ಬಂದವರೆಲ್ಲ ಒಳ್ಳೆಯ ಮಾತಾಡಿದರು, ಅವನು ಎಷ್ಟು ಕೆಲಸಗಾರ ಎಂದರು. ಅಡುಗೆಮನೆಯಲ್ಲಿ ಪರದೆಯ ಪಕ್ಕದಲ್ಲೇ ಕೂತು ಹಾಗೆಂದರು.

ಆಲೂಗಡ್ಡೆ ಮೂಟೆಗಳು ಬಾಲ್ಕನಿಯಲ್ಲಿದ್ದವು. ಹಿಮ ಹತ್ತಿರ ಬಂದಿತ್ತು. ಒಂದು ರಾತ್ರಿಯ ಹಿಮ ಸಾಕು, ಆಲೂಗಡ್ಡೆ ಸಿಹಿಯಾಗಿ ಕಪ್ಪಗಾಗುತ್ತದೆ. ಆಮೇಲೆ ಚಳಿಗಾಲಪೂರ್ತಿ ಅಂಗಡಿಯದನ್ನು ತಿನ್ನಬೇಕು. ಮೈದುನ ಕೆಂಜೆಬೆಕ್ ಅತ್ತಿಗೆಯ ಮುಂದೆ ಕೂತು ಚಹಾ ಕುಡಿದು ಹೇಳಿದ:

“ನಾಳೆ ಆ ಮೇಜು ಕತ್ತರಿಸಿ ಬಿಡೋಣ ಅತ್ತಿಗೆ. ಅಣ್ಣನೂ ಅದನ್ನೇ ಹೇಳಿದ್ನಂತಲ್ಲ.”

ಹೇಳಿದ್ದು ನಿಜ. ಬಲ್ಜಾನ್ ಹೂಂ ಎಂದಳು.

ಮರುದಿನ ಕೆಂಜೆಬೆಕ್ ಹೊಸ ಬ್ಲೇಡು ತಂದ, ಯಾಕೋಬ್ ತನ್ನ ಕತ್ತರಿಸುವ ಯಂತ್ರ ತಂದ. ಇಬ್ಬರೂ ಮೊದಲು ಮೇಜನ್ನು ಹಿಡಿದು ಎಳೆದರು. ಆಮೇಲೆ ಭುಜ ಕೊಟ್ಟು ದಬ್ಬಿದರು. ಆಮೇಲೆ ಸಿಗರೇಟು ಹಚ್ಚಿದರು.

“ಕೆಳಗಿನ ಪಟ್ಟಿ ಮಾತ್ರ ತೆಗೆದ್ರೆ?” ಎಂದು ಕೇಳಿದ ಕೆಂಜೆಬೆಕ್.

“ಕಾಲು ಅಗಲ್ಕೊಳತ್ತೆ. ಸುತ್ತಿಗೆ ಬಿದ್ರೆ ಅಲ್ಲಾಡತ್ತೆ.”

“ಅಲ್ಲಾಡ್ಲಿ. ಸುತ್ತಿಗೆ ಹಿಡಿಯೋರು ಯಾರಿದಾರೆ?”

ಯಾಕೋಬ್ ಬಲ್ಜಾನ್ ಕಡೆ ನೋಡಿದ.

“ಹಂಗಾದ್ರೆ ಕಾಲನ್ನ ನೆಲದ ಮಟ್ಟಕ್ಕೆ ಕತ್ತರಿಸಿ ಆ ಗೋಡೆಗೆ ಸರಿಸೋಣ,” ಎಂದ ಕೆಂಜೆಬೆಕ್.

“ಭಾರ ನೋಡಿದ್ಯಾ? ಕಾಲು ಅರ್ಧಕ್ಕೆ ಕತ್ತರಿಸದೆ ಎತ್ತಕ್ಕಾಗಲ್ಲ. ಆಮೇಲೆ ಅದರ ಮುಂದೆ ಚಕ್ಕಳಮಕ್ಕಳ ಹಾಕ್ಕೊಂಡು ಚಹಾ ಕುಡೀಬಹುದು, ಅಷ್ಟೇ.”

“ಕುಡಿಯೋಣ. ಅಣ್ಣನ ನೆನಪಿಗೆ.”

ಯಾಕೋಬ್ ಯಂತ್ರ ಚಾಲು ಮಾಡಿದ. ಕಿವಿ ಹರಿಯುವ ಸದ್ದು. ಬ್ಲೇಡು ಪಟ್ಟಿಗೆ ಮುಟ್ಟಿ ಕಿಡಿ ಹಾರಿತು. ಬಲ್ಜಾನ್ ಹೋಗಿ ಗೋಡೆಗೆ ಚುಚ್ಚಿದ್ದ ಯಂತ್ರದ ತಂತಿ ಎಳೆದಳು. ಸದ್ದು ನಿಂತಿತು.

“ಏನಾಯ್ತು ಅತ್ತಿಗೆ?”

“ಮೇಜು ಬಿಡಿ. ಮುಚ್ಚಳ ಕತ್ತರಿಸಿ.”

“ಮುಚ್ಚಳಾನಾ?”

“ಕೀಲು ಬಿಚ್ಚಿ, ಎರಡು ತುಂಡು ಮಾಡಿ. ಒಂದೊಂದನ್ನೇ ಪಕ್ಕಕ್ಕೆ ಸರಿಸ್ಕೊಂಡು ಇಳೀತೀನಿ.”

“ಹೊಟ್ಟೆ ಮೇಲೆ ತೆವಳಬೇಕಾಗತ್ತೆ. ಈ ವಯಸ್ಸಲ್ಲಿ?”

“ತೆವಳ್ತೀನಿ.”

ಯಾಕೋಬ್ ಮುಚ್ಚಳದ ಮೇಲೆ ಕೈ ಆಡಿಸಿದ. ದಪ್ಪ ಮರ, ನಡುವೆ ಉಣ್ಣೆ ತುಂಬಿದ ಒಳ್ಳೆಯ ಕೆಲಸ. “ಒಂದು ಮಾತು ಹೇಳ್ಲಾ? ಇದನ್ನ ಕತ್ತರಿಸಿದ್ರೆ ಸಂದು ಬಿಡತ್ತೆ. ಹಿಮದ ದಿನಗಳಲ್ಲಿ ಮಾಳಿಗೆಯ ಬಿಸಿ ಉಸಿರು ಮೇಲೆ ಬಂದು ಕಬ್ಬಿಣದ ಮೇಲೆ ನೀರಾಗಿ ಕೂರತ್ತೆ. ಎರಡು ಚಳಿಗಾಲ, ಆಮೇಲೆ ಮೇಜಿನ ಕಾಲು ತುಕ್ಕು. ಉಳಿಸ್ಕೊಂಡೂ ಕಳ್ಕೊಂಡಂಗೆ.”

“ಒರೆಸಿದ್ರೆ?”

“ದಿನಾ ಒರೆಸ್ತೀಯಾ?”

“ಕಪಾಟಿನ ಬಾಗಿಲು ಮಾಡೋದು ಬಿಟ್ರೆ ನಂಗೆ ಬೇರೆ ಕೆಲಸ ಇಲ್ಲ,” ಎಂದಳು ಬಲ್ಜಾನ್. “ಅದನ್ನೂ ಮಾಡಲ್ಲ.”

ಕೆಂಜೆಬೆಕ್ ನಗಲೋ ಬೇಡವೋ ಎಂದು ನೋಡಿದ. ಯಾಕೋಬ್ ಗರಗಸ ತರಲು ಹೋದ.

ಸಂಜೆಯೊಳಗೆ ಆಲೂಗಡ್ಡೆ ಕೆಳಗಿಳಿದವು. ಬಲ್ಜಾನ್ ಮೇಜಿನ ಕೆಳಗೆ ತೆವಳಿ, ಕಾಲು ಮೊದಲು ಇಳಿಬಿಟ್ಟು ಏಣಿ ಹುಡುಕಿದಳು. ಕೆಂಜೆಬೆಕ್ ಮೂಟೆ ಬಿಚ್ಚಿ ಬಕೆಟ್ಟಿನಲ್ಲಿ ಕೊಟ್ಟ. ಇಡೀ ಮೂಟೆ ಆ ಸಂದಿಯಲ್ಲಿ ಹೋಗುತ್ತಿರಲಿಲ್ಲ. ಪ್ರತಿ ಬಕೆಟ್ಟಿಗೂ ಅವನ ತಲೆ ಪಟ್ಟಿಗೆ ಬಡಿಯಿತು. ಸತ್ತ ಅಣ್ಣನನ್ನು ಬೈಯಬಾರದೆಂದು ಅವನು ಮೇಜನ್ನು ಬೈದ. ಅದೇ ರಾತ್ರಿ ಹಿಮ ಬಿತ್ತು.

ಆ ಮೇಜಿನ ಮೇಲೆ ಈವರೆಗೆ ಯಾರೂ ಏನೂ ಮಾಡಿಲ್ಲ. ಒಮ್ಮೆ ಯಾಕೋಬ್ ತನ್ನ ಬೀಗವೊಂದನ್ನು ತಂದು ರಿಪೇರಿ ಮಾಡಲು ಹೊರಟ. ಬಲ್ಜಾನ್ ಬೇಡವೆನ್ನಲಿಲ್ಲ, ಬೀಗದ ಕೆಳಗೆ ಹಾಸಲು ಬಟ್ಟೆ ಕೊಟ್ಟಳು. ಅವನು ಬೀಗವನ್ನು ಎತ್ತಿಕೊಂಡು ಮನೆಗೆ ಹೋದ.

ಚಳಿಗಾಲದ ಬೆಳಿಗ್ಗೆ ಚಹಾಕ್ಕೆ ಮೊದಲು ಅವಳು ಗ್ಯಾರೇಜಿಗೆ ಹೋಗುತ್ತಾಳೆ. ಹಳೇ ಕೋಟು ಹಾಸಿ ಮೇಜಿನ ಕೆಳಗೆ ಅಂಗಾತ ಮಲಗುತ್ತಾಳೆ. ಕಬ್ಬಿಣದ ಮೇಲೆ ರಾತ್ರಿಯ ನೀರು ಹನಿಹನಿಯಾಗಿ ಕೂತಿರುತ್ತದೆ. ಮೊದಲು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಎಣ್ಣೆಬಟ್ಟೆ ಆಡಿಸುತ್ತಾಳೆ. ಗೋಡೆ ಕಡೆಯ ಕಾಲುಗಳ ಹಿಂಬದಿಗೆ ಕೈ ಹೋಗುವುದಿಲ್ಲ. ಅಲ್ಲಿಗೆ ಕೋಲಿನ ತುದಿಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ.