ನಮ್ಮ ಸೌಟು ಚುನಾವಣೆಗೆ ನಿಂತದ್ದು

ಸಾಂಬಾರಿನ ಉದ್ದ ಸೌಟಿನ ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿರುತ್ತಾರಲ್ಲ, ಅದು ಚಂದಕ್ಕೆಂದು ನಾನು ಬಹಳ ದಿವಸ ತಿಳಿದಿದ್ದೆ. ಪಾತ್ರೆಯ ಅಂಚಿಗೆ ಸಿಕ್ಕಿಸಿಟ್ಟರೆ ಸೌಟು ಒಳಗೆ ಜಾರದಿರಲಿ ಎಂದು ಆ ಕೊಕ್ಕೆ. ಇದು ನನಗೆ ತಿಳಿದದ್ದು ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದ ಮೊದಲನೆಯ ವಾರ, ಸೌಟು ಮುಳುಗಿದ ಮೇಲೆ. ನೂರಿಪ್ಪತ್ತು ಮಕ್ಕಳ ಸಾಂಬಾರಿನ ತಳ ಸೇರಿದ ಸೌಟನ್ನು ಮೇಲೆತ್ತುವುದು ಬಾವಿಗೆ ಬಿದ್ದ ಕೊಡಪಾನ ತೆಗೆಯುವುದಕ್ಕಿಂತ ಕಷ್ಟ. ಬಾವಿಯ ನೀರು ಕುದಿಯುತ್ತಿರುವುದಿಲ್ಲ. ಆಮೇಲೆ ಹನ್ನೊಂದು ವರ್ಷ ನನ್ನ ಸೌಟು ಮುಳುಗಿರಲಿಲ್ಲ. ಮೊನ್ನೆ ಮುಳುಗಿತು. ಯಾಕೆಂದು ಹೇಳಬೇಕಾದರೆ ನನ್ನ ಮೊಮ್ಮಗಳು ಪ್ರಧಾನಮಂತ್ರಿಯ ಪದವಿಗೆ ಸ್ಪರ್ಧಿಸಿದ ವೃತ್ತಾಂತವನ್ನೇ ಹೇಳಬೇಕು. ಶಿರಸಿಯ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ ಹೇಳಿ ಮುಗಿಸಿದ್ದೇನೆ; ಉಳಿದವರು ನೀವೇ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆದರೆ ಎಕ್ಕಂಬಿಯಿಂದ ಒಳಗೆ ಹೋದರೆ ಸಿಗುವ ನಮ್ಮೂರ ಶಾಲೆಯಲ್ಲಿ ಅಡುಗೆಮನೆಯ ಕಿಟಕಿ ಏಳನೆಯ ತರಗತಿಯ ಕಡೆಗೇ ಇದೆ. ನಮ್ಮ ಒಗ್ಗರಣೆಯ ಹೊಗೆ ಅತ್ತ ಹೋಗುತ್ತದೆ, ಅಲ್ಲಿಯ ಪಾಠ ಇತ್ತ ಬರುತ್ತದೆ. ನಾಮಪತ್ರ, ನೀತಿಸಂಹಿತೆ, ಪ್ರಜಾಪ್ರಭುತ್ವ ಮುಂತಾದ ಘನವಾದ ಶಬ್ದಗಳೆಲ್ಲ ನನಗೆ ಸಿದ್ಧಿಸಿದ್ದು ಹೀಗೆ, ಸಾಸಿವೆ ಸಿಡಿಯುವ ಸದ್ದಿನ ನಡುವೆ. ಅದಕ್ಕೇ ಪ್ರಜಾಪ್ರಭುತ್ವ ಎಂದಾಗಲೆಲ್ಲ ನನಗೆ ಇಂಗಿನ ವಾಸನೆ ಬರುತ್ತದೆ.

ಮೊಮ್ಮಗಳು ಸಿಂಚನಾ ಅದೇ ಏಳನೆಯ ತರಗತಿ. ಅವಳಷ್ಟು ನಾಚಿಕೆಯ ಹುಡುಗಿಯನ್ನು ನೀವು ನೋಡಿರಲಿಕ್ಕಿಲ್ಲ. ಎದುರಿಗೇ ಇದ್ದರೂ ಕಂಡಿರಲಿಕ್ಕಿಲ್ಲ. ಹಾಜರಿ ಕೂಗಿದಾಗ ಅವಳ ಉತ್ತರ ಗಂಟಲಿನಿಂದ ತುಟಿಗೆ ಬರುವಷ್ಟರಲ್ಲಿ ಮುಂದಿನ ಮೂರು ಹೆಸರು ಆಗಿಹೋಗಿರುತ್ತವೆ. ಬೆಲ್ಲ ಕೇಳಿದವಳಿಗೆ ಅಂಗಡಿಯವ ಉಪ್ಪು ಕೊಟ್ಟರೂ "ಇದಲ್ಲ" ಅನ್ನಲಾರದೆ ಉಪ್ಪನ್ನೇ ತರುತ್ತಾಳೆ. ಹೀಗೆ ಬಂದ ಉಪ್ಪಿನಿಂದ ನಮ್ಮ ಮನೆಯಲ್ಲಿ ಒಂದು ದೊಡ್ಡ ಡಬ್ಬಿಯೇ ತುಂಬಿದೆ. ಮಾತಾಡುವುದು ನನ್ನೊಬ್ಬಳ ಹತ್ತಿರ, ಅದೂ ಕಿವಿಯಲ್ಲಿ. ಊಟ ಬಡಿಸುವಾಗ ನನ್ನ ಪಕ್ಕ ನಿಂತು, "ಅಜ್ಜಿ, ಈ ಸಣ್ಣಾಕಿಗೆ ಹಲ್ಲು ಬಿದ್ದದ, ಮೆತ್ತಗಿನ ಅನ್ನ ಹಾಕು", "ಅವಂಗ ಬದನಿಕಾಯಿ ಆಗೂದಿಲ್ಲ, ಹೇಳಾಕ ಅಂಜ್ತಾನ" ಎಂದು ಪಿಸುಗುಟ್ಟುತ್ತಾಳೆ. ಬಾಯಿಲ್ಲದವರ ಮಾತು ಬಾಯಿಲ್ಲದವಳಿಗೇ ತಿಳಿಯುತ್ತದೋ ಏನೋ.

ಇಂಥವಳು ಒಂದು ಸಂಜೆ ತಲೆ ಬಾಚಿಸಿಕೊಳ್ಳುತ್ತ ಹೇಳಿದಳು:

"ಅಜ್ಜಿ, ನಾ ಇಲೆಕ್ಷನ್ನಿಗೆ ನಿಂತೀನಿ."

"ಯಾರ್ ನಿಲ್ಸಿದ್ರವ್ವಾ ನಿನ್ನ?"

"ಮೊಳಿ."

ಆದದ್ದಿಷ್ಟು. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತೇವೆ. ಆ ಅಕ್ಕೋರು ಶಾಲಾ ಸಂಸತ್ತಿನ ಚುನಾವಣೆ ಸಾರಿ, ಎಲ್ಲರನ್ನೂ ಎಬ್ಬಿಸಿ, "ಪ್ರಧಾನಿ ಆಗುವ ಮನಸ್ಸಿದ್ದವರು ನಿಂತಿರಿ, ಉಳಿದವರು ಕೂತ್ಕೊಳ್ಳಿ" ಎಂದರಂತೆ. ಆದಿಲ್ ಎಂಬ ಹುಡುಗ ಎದೆಯುಬ್ಬಿಸಿ ನಿಂತ. ಅವನ ಅಪ್ಪ ಶಿರಸಿಗೆ ಸಾಮಾನಿನ ಟೆಂಪೊ ಓಡಿಸುತ್ತಾನೆ, ಮಗನ ಗಂಟಲು ಆ ಟೆಂಪೊದ ಹಾರನ್ನಿನ ತಮ್ಮ. ನಮ್ಮವಳ ಲಂಗ ಬೆಂಚಿನ ಮೊಳೆಗೆ ಸಿಕ್ಕಿಬಿದ್ದಿತ್ತು. ಕೂರುವಂತಿಲ್ಲ, ಹೇಳುವಂತಿಲ್ಲ. ಅಕ್ಕೋರು ಸಂತೋಷದಿಂದ ಹೆಸರು ಬರೆದುಕೊಂಡರು. ಚಿಹ್ನೆ ಯಾವುದೆಂದು ಕೇಳಿದಾಗ ಇವಳು ದಿಕ್ಕು ತೋಚದೆ ಕಿಟಕಿಯಿಂದ ನನ್ನನ್ನು ನೋಡಿದಳು, ನನ್ನ ಕೈಯಲ್ಲಿ ಸೌಟಿತ್ತು. ಸೌಟು ಎಂದು ಬರೆದರು. ಆದಿಲನದು ನೀರಿನ ಲೋಟ.

"ಹಂಗಾದ್ರ ನಾಳೆ ಹೋಗಿ ಒಲ್ಲೆ ಅಂತ ಹೇಳಿ ಬಾ."

"ಹೇಳಾಕ ಮಾತಾಡ್ಬೇಕಲ್ಲ ಅಜ್ಜಿ!"

ಹೌದಲ್ಲ! ಲೋಕದಲ್ಲಿ ನಾಮಪತ್ರ ಹಿಂತೆಗೆದುಕೊಳ್ಳಲು ನಾಚಿ ಕಣದಲ್ಲಿ ಉಳಿದ ಅಭ್ಯರ್ಥಿ ಇವಳೊಬ್ಬಳೇ ಇರಬೇಕು. ನನಗೋ ಹಿಡಿಸಲಾರದ ಹಿಗ್ಗು. ಆದರೆ ಒಂದು ನಿಬಂಧನೆ ಕೇಳಿ ಬಾಚುವುದನ್ನು ಅಲ್ಲಿಗೇ ನಿಲ್ಲಿಸಿದೆ. ಮತದಾನದ ದಿನ ಊಟವಾದ ಮೇಲೆ ಇಬ್ಬರೂ ಎಲ್ಲರೆದುರು ಭಾಷಣ ಮಾಡಬೇಕು. ಸೋತರೆ ಸೋಲಲಿ, ಸೋಲಿಗೆ ನಾನು ಅಂಜುವವಳಲ್ಲ. ಮಗು ಎದ್ದು ನಿಂತು, ಸ್ವರ ಹೊರಡದೆ, ಶಾಲೆಗೆ ಶಾಲೆಯೇ ನಕ್ಕುಬಿಟ್ಟರೆ? ಆಮೇಲೆ ಅವಳು ನನ್ನ ಕಿವಿಯನ್ನೂ ಬಿಟ್ಟಾಳು.

ಅವಳ ಬಾಯಿಗೆ ಬದಲಾಗಿ ನಾನು ಪ್ರಚಾರಕ್ಕಿಳಿದೆ. ಬಡಿಸುವಾಗ ಪ್ರತಿಯೊಂದು ಮಗುವಿನ ಮೂಗಿನ ಮುಂದೆ ಸೌಟೆತ್ತಿ, "ಇದೇನು? ಛಲೋ ನೋಡ್ಕೋ!" ಎಂದು ಹೇಳಿ ಹಾಕತೊಡಗಿದೆ. ಒಂದನೆಯ ತರಗತಿಯವರಂತೂ ತಟ್ಟೆ ಬಿಟ್ಟು ಸೌಟನ್ನೇ ನೋಡುತ್ತಿದ್ದರು. ಮೂರನೆಯ ದಿನ ಆದಿಲ್ ಸೊಂಟಕ್ಕೆ ಕೈಯಿಟ್ಟು ನಿಂತ.

"ಅಜ್ಜಿ, ನೀವು ಮಾಡೂದು ಅನ್ಯಾಯ. ನಾನು ಅಕ್ಕೋರಿಗೆ ಅರ್ಜಿ ಕೊಡ್ತೆ."

"ಕೊಡಪ್ಪ, ಮೊದಲ ಉಣ್ಣು. ಇನ್ನೊಂದ್ ಸೌಟು ಹಾಕ್ಲೇನು?"

"ಹಾಕಿ. ಆದ್ರೂ ಕೊಡ್ತೆ."

ಕೊಟ್ಟೇಬಿಟ್ಟ. ಅಕ್ಕೋರು ಅಡುಗೆಮನೆಗೆ ಬಂದರು. "ಎಂತ ನೀಲವ್ವ ಇದು? ನೀವು ಪ್ರಚಾರ ಮಾಡೂದು ಸರಿಯಾಗ್ತದಾ? ನಾಳೆ ಮತದಾನ. ಶಾಲೆ ಆವರಣದಲ್ಲಿ ಅಭ್ಯರ್ಥಿಯ ಚಿಹ್ನೆ ಕಾಣ್ಬಾರ್ದು" ಎಂದು, ಹನ್ನೊಂದು ವರ್ಷ ನನ್ನ ಬಲಗೈಯಾಗಿದ್ದ ಸೌಟನ್ನು ಒಯ್ದು, ಮತಚೀಟಿಗಳ ಜೊತೆಯಲ್ಲೇ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ತಪ್ಪು ನನ್ನದೇ ಆದ್ದರಿಂದ ತೊಳೆದು ಒರೆಸಿ ನಾನೇ ಕೊಟ್ಟಿದ್ದೆ.

ಮತದಾನದ ದಿನ. ನೂರಿಪ್ಪತ್ತು ತಟ್ಟೆ ಸಾಲಾಗಿ ಕೂತಿವೆ, ಸಾಂಬಾರು ಕುದಿದು ಇಳಿದಿದೆ, ಬಡಿಸಲು ಸೌಟಿಲ್ಲ. ಅದಕ್ಕೇನಂತೆ ಎಂದು ಒಂದು ಸ್ಟೀಲಿನ ಲೋಟ ಅದ್ದಿದೆ. ಅದ್ದಿದ್ದೇ ತಡ, ಆದಿಲನ ಪಕ್ಷದವರು "ಲೋಟಕ್ಕೇ ಜೈ!" ಎಂದು ಎದ್ದು ಕುಣಿದರು, ಸಿಂಚನಾಳ ಬೆಂಚಿನ ಹುಡುಗಿಯರು "ಇದೂ ಚಿಹ್ನೆ, ಇದೂ ಚಿಹ್ನೆ!" ಎಂದು ಕೂಗಿದರು. ಅಕ್ಕೋರು ಹಣೆ ಒತ್ತಿಕೊಂಡು ಲೋಟವನ್ನೂ ನಿಷೇಧಿಸಿದರು. ಶಾಲೆಯ ಲೋಟಗಳೆಲ್ಲ ಕಪಾಟು ಸೇರಿದ ಮೇಲೆ ಗೊತ್ತಾಯಿತು, ಇನ್ನು ನೀರು ಕುಡಿಯಲಿಕ್ಕೂ ಗತಿಯಿಲ್ಲ ಎಂದು. ನಾನು ತಟ್ಟೆ ಅದ್ದಿ ಬಡಿಸಹೋದೆ. ಅರ್ಧ ಸಾಂಬಾರು ನೆಲಕ್ಕೆ, ಉಳಿದದ್ದು ನನ್ನ ಸೀರೆಗೆ, ಬೆರಳಿಗೆ ಬೊಬ್ಬೆ. ಬಕೀಟಿನಿಂದ ಸುರಿಯಿರಿ ಎಂದರು ಒಬ್ಬರು, ಸಣ್ಣ ಮಕ್ಕಳ ತಟ್ಟೆಗೆ ಬಿಸಿ ಸುರಿಯುವುದೇ ಎಂದರು ಇನ್ನೊಬ್ಬರು. ನೀತಿಸಂಹಿತೆಯ ಚರ್ಚೆ ಏರುತ್ತಿತ್ತು, ಅನ್ನ ಆರುತ್ತಿತ್ತು. ಹಲ್ಲು ಬಿದ್ದ ಆ ಸಣ್ಣ ಹುಡುಗಿ ಮೊದಲು ಮೂಗೆಳೆದಳು, ಮತ್ತೆ ಸಾಲಿಗೆ ಸಾಲೇ ಅಳಲು ಶುರುಮಾಡಿತು.

ಆಗ ನನ್ನ ಬೆನ್ನ ಹಿಂದಿನಿಂದ ಒಂದು ಕೂಗು ಬಂತು. ಯಾರದೆಂದು ನಾನೇ ತಿರುಗಿ ನೋಡಿದೆ.

"ಸೌಟು ತರ್ರಿ! ಸಣ್ಣವರಿಗೆ ಹಸಿವಿ ಆಗೇದ! ನಂಗ ಚಿಹ್ನಿ ಬ್ಯಾಡ, ಚೀಟಿ ಮ್ಯಾಗಿಂದು ಹೊಡದ್ ಹಾಕ್ರಿ! ಸೌಟು ಇರೂದು ಬಡ್ಸಾಕ!"

ನೂರಿಪ್ಪತ್ತು ತಲೆ ಒಮ್ಮೆಲೇ ಅವಳತ್ತ ತಿರುಗಿದವು. ಒಬ್ಬರೂ ನಗಲಿಲ್ಲ. ಕೂಗಿದವಳ ಕಿವಿ ಮೆಣಸಿನಕಾಯಿಯಾಗಿತ್ತು, ಆದರೆ ಕಾಲು ಹಿಂದೆ ಸರಿಯಲಿಲ್ಲ; ಮೊಳೆಯೇನೂ ಇರಲಿಲ್ಲ, ನಾನು ನೋಡಿದ್ದೇನೆ. ಮೊದಲು ಓಡಿದವನು ಆದಿಲ್. ಅಕ್ಕೋರ ಕೈಯಿಂದ ಕೀಲಿ ಇಸಿದುಕೊಂಡು ಹೋಗಿ, ಸೌಟನ್ನು ಗೆದ್ದ ಕಪ್ಪಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದ. ಅಕ್ಕೋರು ಸಿಂಚನಾಳ ತಲೆ ಸವರಿ, "ನಿನ್ನ ಭಾಷಣ ಆಯ್ತು ಮಗಾ, ಮತ್ತೆಂತದೂ ಬೇಡ" ಎಂದರು. ನಾನು ಬಡಿಸಿದೆ, ಯಾರಿಗೆ ಎಷ್ಟು ಬಡಿಸಿದೆನೋ ದೇವರಿಗೇ ಗೊತ್ತು, ಕಣ್ಣು ಮಂಜಾಗಿತ್ತು. ಒಗ್ಗರಣೆಯ ಹೊಗೆ ಎಂದು ಹೇಳಿ ತಪ್ಪಿಸಿಕೊಂಡೆ. ಆ ಹೊತ್ತಿಗೆ ಒಲೆ ಆರಿ ಅರ್ಧ ತಾಸಾಗಿತ್ತು.

ಊಟದ ನಂತರ ಏಳನೆಯವರು ಕೂತು ಚೀಟಿಗಳ ಮೇಲಿನ ಸೌಟನ್ನೆಲ್ಲ ಪೆನ್ನಿನಿಂದ ಗೀಚಿ ಅಳಿಸಿದರು, ಸಿಂಚನಾಳ ಹೆಸರು ಮಾತ್ರ ಉಳಿಯಿತು. ಮತದಾನವಾಯಿತು, ಎಣಿಕೆಯೂ ಆಯಿತು, ಆದಿಲ್ ಏಳು ಮತಗಳಿಂದ ಗೆದ್ದ. ಹನ್ನೊಂದು ಚೀಟಿ ಅಸಿಂಧುವಾದವು. ಓದಲು ಬಾರದ ಸಣ್ಣವರು ಸೌಟು ಹುಡುಕಿದರಂತೆ. ಕಾಣದಿದ್ದಾಗ ಮುದ್ರೆ ಒತ್ತುವುದು ಬಿಟ್ಟು ತಾವೇ ಒಂದೊಂದು ಸೌಟು ಬರೆದಿಟ್ಟು ಹೋಗಿದ್ದರು. ಅಕ್ಕೋರು ಆ ಹನ್ನೊಂದನ್ನೂ ನನಗೆ ಕೊಟ್ಟರು. ಒಂದು ಸೌಟು ಹಾವಿನ ಹಾಗಿದೆ, ಒಂದಕ್ಕೆ ಕಣ್ಣು ಮೂಗು ಇದೆ, ಒಂದಕ್ಕೆ ಸೀರೆ ಉಡಿಸಿದ್ದಾರೆ, ಅದು ನಾನಿರಬೇಕು. ಹನ್ನೊಂದಕ್ಕೂ ತುದಿಯ ಕೊಕ್ಕೆ ಮಾತ್ರ ಸರಿಯಾಗಿ ಬಂದಿದೆ. ಅಷ್ಟು ದಿವಸ ಮೂಗಿನ ಮುಂದೆ ಹಿಡಿದದ್ದು ವ್ಯರ್ಥವಾಗಲಿಲ್ಲ. ಸೋಲಿನ ಚೀಟಿಗಳನ್ನು ಹೀಗೆ ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದುಂಟೇ ಎಂದು ನನ್ನ ಮಗ ನಗುತ್ತಾನೆ, ನಗಲಿ.

ಪ್ರಧಾನಿ ಆದಿಲ್ ಮಾಡಿದ ಮೊದಲನೆಯ ನೇಮಕ ಸಿಂಚನಾಳದು: ಆಹಾರ ಮಂತ್ರಿ. ಬಡಿಸುವ ಮುಂಚೆ ಆಹಾರ ಮಂತ್ರಿ ರುಚಿ ನೋಡಿ ಒಪ್ಪಿಗೆ ಕೊಡಬೇಕು. ಮೊನ್ನೆ ಅಧಿಕಾರದ ಮೊದಲ ದಿನ. ಮಂತ್ರಿಗಳು ಬಂದರು, ಅಂಗೈಗೆ ಸಾಂಬಾರು ಹಾಕಿಸಿಕೊಂಡರು, ನೆಕ್ಕಿದರು, ಕಣ್ಣು ಮುಚ್ಚಿ ವಿಚಾರ ಮಾಡಿದರು. ನಾನು ಅಭ್ಯಾಸದಂತೆ ಬಗ್ಗಿ ಕಿವಿ ಕೊಟ್ಟೆ.

ಕಿವಿ ಬೇಕಾಗಲಿಲ್ಲ. ಏಳನೆಯ ತರಗತಿಯ ಆಚೆ, ಗೇಟಿನ ಹತ್ತಿರ ನಿಂತವರಿಗೂ ಕೇಳುವ ಹಾಗೆ, "ಅಜ್ಜೀ, ಉಪ್ಪು ಸಾಲೂದಿಲ್ಲ!" ಎಂದಳು.

ಮನೆಯಲ್ಲಿ ಡಬ್ಬಿ ತುಂಬ ಉಪ್ಪು ಕೂಡಿಟ್ಟವಳು ಹೇಳಿದ ಮಾತಿದು! ಇಂಥ ಹೊತ್ತಿನಲ್ಲಿ ಅಜ್ಜಿಯಾದವಳು ದೃಷ್ಟಿ ತೆಗೆದು ಲಟಿಕೆ ಮುರಿಯಬೇಡವೇ? ಲಟಿಕೆ ಮುರಿಯಲು ಎರಡೂ ಕೈ ಬೇಕು. ಎತ್ತಿದೆ, ಮುಖ ಸವರಿದೆ, ನನ್ನ ಹಣೆಯ ಎರಡೂ ಬದಿಗೆ ಒತ್ತಿ ಹತ್ತೂ ಬೆರಳು ಮುರಿದೆ, ಬೊಬ್ಬೆ ಬಂದಿದ್ದೂ ಸೇರಿ. ಸೌಟಿನ ಕೊಕ್ಕೆಯನ್ನು ಅಂಚಿಗೆ ಸಿಕ್ಕಿಸಿರಲಿಲ್ಲ ಎಂಬುದು ನೆನಪಾಗುವಷ್ಟರಲ್ಲಿ ಅದು ನೂರಿಪ್ಪತ್ತು ಮಕ್ಕಳ ಸಾಂಬಾರಿನಲ್ಲಿ ಬುಳುಕ್ಕೆಂದು ಮುಳುಗಿತು.

ಮುಳುಗಲಿ ಬಿಡಿ. ತೆಗೆಯಲು ಯಾರಾದರೂ ಬೇಕಾದರೆ ಕೂಗಿ ಕರೆಯಲು ಈಗ ನಮ್ಮಲ್ಲಿ ಮಂತ್ರಿಯೇ ಇದ್ದಾಳೆ.